ಕೊಬ್ಬಿನ ಕೋಟೆಯೊಳಗೊಂದು ಗೊಬ್ಬರದ ಕಾರ್ಖಾನೆ

ಒಂದು ಎಕರೆ ಹೊಲದ ಮೇಲೆ, ನೆಲದಿಂದ ಆಕಾಶದ ತುದಿಯವರೆಗೆ ಇರುವ ಗಾಳಿಯಲ್ಲಿ ಎಷ್ಟು ಸಾರಜನಕವಿದೆ? ಹೈಸ್ಕೂಲಿನ ವಿದ್ಯಾರ್ಥಿಯೂ ಹಾಕಬಹುದಾದ ಲೆಕ್ಕ ಇದು. ಪ್ರತಿ ಚದರ ಮೀಟರ್ ನೆಲದ ಮೇಲಿನ ಗಾಳಿಯ ತೂಕ ಸುಮಾರು 10 ಟನ್. ಅದರಲ್ಲಿ ಮುಕ್ಕಾಲು ಪಾಲು ಸಾರಜನಕ. ಎಕರೆಗೆ ಸುಮಾರು 4,000 ಚದರ ಮೀಟರ್. ಗುಣಿಸಿ ನೋಡಿದರೆ 30,000 ಟನ್ ಬರುತ್ತದೆ! 45 ಕಿಲೋ ಯೂರಿಯಾದಲ್ಲಿ ಇರುವ ಸಾರಜನಕವಾದರೋ 21 ಕಿಲೋಗೂ ಕಡಿಮೆ. ಆದರೂ ಮಳೆ ಬಿದ್ದ ಕೂಡಲೇ ರೈತ ಗೊಬ್ಬರದ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾನೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಬೆಳೆಗಳಿಗೆ ಒಪ್ಪುವಷ್ಟು ಇನ್ನಾರಿಗೂ ಒಪ್ಪಲಾರದು.

ಕಾರಣ ಪಠ್ಯಪುಸ್ತಕದಲ್ಲೇ ಇದೆ. ಗಾಳಿಯ ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿದಪ್ಪಿಕೊಂಡಿವೆ. ಈ ಅಪ್ಪುಗೆ ಬಿಡಿಸಿದರೆ ಮಾತ್ರ ಸಾರಜನಕ ಗಿಡದ ಪ್ರೋಟೀನಿಗೆ ಒದಗುತ್ತದೆ. ಜರ್ಮನಿಯ ಓಪ್ಪಾವಿನಲ್ಲಿ 1913ರಲ್ಲಿ ಶುರುವಾದ ಹೇಬರ್-ಬಾಷ್ ಕಾರ್ಖಾನೆ ಈ ಕೆಲಸವನ್ನು ನೂರಾರು ಡಿಗ್ರಿ ಶಾಖ ಮತ್ತು ಗಾಳಿಯ ಒತ್ತಡದ ನೂರಾರು ಪಟ್ಟು ಒತ್ತಡದಲ್ಲಿ ಮಾಡಿ ತೋರಿಸಿತು. ಇಂದಿಗೂ ಯೂರಿಯಾದ ಮೂಲ ಅದೇ ವಿಧಾನ.

ಆದರೆ ಶೇಂಗಾ ಗಿಡದ ಬೇರಿನ ಗಂಟಿನಲ್ಲಿ ಕುಳಿತ ಬ್ಯಾಕ್ಟೀರಿಯಾ ಇದೇ ಕೆಲಸವನ್ನು ಹೊಲದ ಮಣ್ಣಿನ ತಂಪಿನಲ್ಲಿ, ಸದ್ದಿಲ್ಲದೆ ಮಾಡುತ್ತದೆ. ದ್ವಿದಳ ಸಸ್ಯಗಳ ಬೇರುಗಂಟಿನ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣ ಎಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ 1886ರಲ್ಲಿ ಸಾರಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಜೀವಿಯನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಇಲ್ಲಿಯವರೆಗಿನದು ಬಹಳ ಮಂದಿಗೆ ಗೊತ್ತಿರುವ ಕಥೆ. ಅಷ್ಟಾಗಿ ಗೊತ್ತಿಲ್ಲದ ಭಾಗ ಇನ್ನು ಮುಂದಿದೆ. ಅದು ಕೊಬ್ಬಿನ ಕಥೆ.

ಗಾಳಿಯಲ್ಲೇ ಇರುವ ಶತ್ರು

ಸಾರಜನಕದ ಬಂಧವನ್ನು ಬಿಡಿಸುವ ಕಿಣ್ವದ ಹೆಸರು ನೈಟ್ರೋಜಿನೇಸ್. ಕಬ್ಬಿಣ, ಗಂಧಕ ಮತ್ತು ಮಾಲಿಬ್ಡಿನಮ್ ಸೇರಿಕೊಂಡ ಸೂಕ್ಷ್ಮ ಗೊಂಚಲುಗಳು ಇದರ ಜೀವಾಳ. ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು ಇದಕ್ಕೆ ಕನಿಷ್ಠ 16 ಎಟಿಪಿ ಅಣುಗಳ ಶಕ್ತಿ ಬೇಕು. ಎಟಿಪಿ ಎಂದರೆ ಜೀವಕೋಶದ ಚಿಲ್ಲರೆ ಹಣ. ಇಷ್ಟೊಂದು ಚಿಲ್ಲರೆ ಹುಟ್ಟಬೇಕಾದರೆ ಬ್ಯಾಕ್ಟೀರಿಯಾ ಚೆನ್ನಾಗಿ ಉಸಿರಾಡಬೇಕು. ಉಸಿರಾಟಕ್ಕೆ ಆಮ್ಲಜನಕ ಬೇಕು.

ತೊಡಕು ಇರುವುದು ಇಲ್ಲಿಯೇ. ಆಮ್ಲಜನಕ ತಗುಲಿದರೆ ನೈಟ್ರೋಜಿನೇಸ್ ಕೆಟ್ಟುಹೋಗುತ್ತದೆ. ಮತ್ತೆ ಸರಿಹೋಗದಂತೆ ಕೆಡುತ್ತದೆ. ಈ ಕಿಣ್ವದ ಎರಡು ಭಾಗಗಳಲ್ಲಿ ಹೆಚ್ಚು ನಾಜೂಕಾದದ್ದನ್ನು ಹೊರತೆಗೆದು ಗಾಳಿಗಿಟ್ಟರೆ ಒಂದು ನಿಮಿಷದೊಳಗೆ ಅದರ ಅರ್ಧದಷ್ಟು ಬಲ ಉಡುಗಿಹೋಗುತ್ತದೆ. ಯಾವ ಗಾಳಿಯಿಂದ ಸಾರಜನಕ ಬರಬೇಕೋ ಅದೇ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕವೂ ಇದೆ. ಅದನ್ನು ಬಿಟ್ಟುಕೊಂಡರೆ ಕಿಣ್ವ ಸಾಯುತ್ತದೆ, ಬಾಗಿಲು ಹಾಕಿದರೆ ಶಕ್ತಿಯಿಲ್ಲದೆ ಕೆಲಸ ನಿಲ್ಲುತ್ತದೆ.

ಈ ಇಕ್ಕಟ್ಟು ಎಷ್ಟು ನಿಜ ಎಂಬುದಕ್ಕೆ ಒಂದು ಪ್ರಯೋಗ ಸಾಕ್ಷಿ. 1972ರಲ್ಲಿ ಇಂಗ್ಲೆಂಡಿನ ರೇ ಡಿಕ್ಸನ್ ಮತ್ತು ಜಾನ್ ಪೋಸ್ಟ್‌ಗೇಟ್, ಸಾರಜನಕ ಹಿಡಿಯುವ ಒಂದು ಬ್ಯಾಕ್ಟೀರಿಯಾದ ಜೀನ್‌ಗಳನ್ನು ಕರುಳಿನಲ್ಲಿರುವ ಈ. ಕೋಲೈ ಬ್ಯಾಕ್ಟೀರಿಯಾಕ್ಕೆ ದಾಟಿಸಿದರು. ಎಂದೂ ಸಾರಜನಕ ಹಿಡಿಯದ ಈ. ಕೋಲೈ ಅದನ್ನು ಹಿಡಿಯಿತು. ಆದರೆ ಗಾಳಿಯಿಲ್ಲದ ಕಡೆ ಮಾತ್ರ! ಕಾರ್ಖಾನೆಯ ನಕ್ಷೆ ಸಿಕ್ಕಿತು, ಕಾರ್ಖಾನೆಗೆ ಬೇಕಾದ ಗೋಡೆ ಸಿಗಲಿಲ್ಲ. ಆ ಗೋಡೆಯನ್ನು ಪ್ರಕೃತಿ ಯಾವುದರಿಂದ ಕಟ್ಟುತ್ತದೆ? ಹಲವು ಕಡೆ, ಕೊಬ್ಬಿನಿಂದ.

ಪೊರೆ ಎಂದರೆ ಬರೀ ಚೀಲವಲ್ಲ

ಪ್ರತಿ ಜೀವಕೋಶದ ಸುತ್ತ ಒಂದು ತೆಳುವಾದ ಪೊರೆಯಿದೆ. ಅದರ ಮುಖ್ಯ ಸಾಮಗ್ರಿ ಲಿಪಿಡ್, ಅಂದರೆ ಮೇದಸ್ಸು. ಒಂದೊಂದು ಲಿಪಿಡ್ ಅಣುವಿಗೂ ನೀರನ್ನು ಬಯಸುವ ಒಂದು ತಲೆ, ನೀರಿಗೆ ಹೆದರುವ ಎರಡು ಬಾಲ. ಎರಡು ಸಾಲು ಅಣುಗಳು ಬಾಲಕ್ಕೆ ಬಾಲ ಕೊಟ್ಟು, ತಲೆಯನ್ನು ಹೊರಗೆ ಮಾಡಿ ನಿಲ್ಲುತ್ತವೆ. ಈ ಎರಡು ಸಾಲಿನ ಒಟ್ಟು ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದ ನಾಲ್ಕೈದು ಪಾಲು ಮಾತ್ರ. ಉಪ್ಪು, ಸಕ್ಕರೆ ಇದನ್ನು ತಾವಾಗಿಯೇ ದಾಟಲಾರವು. ಅವಕ್ಕೆ ಪ್ರೋಟೀನಿನ ಬಾಗಿಲುಗಳಿವೆ.

ಆದರೆ ಆಮ್ಲಜನಕದ ಮಾತು ಬೇರೆ. ಅದು ನೀರಿಗಿಂತ ಎಣ್ಣೆಯಲ್ಲೇ ಹೆಚ್ಚು ಕರಗುತ್ತದೆ. ಆದ್ದರಿಂದ ಸಾಮಾನ್ಯ ಪೊರೆ ಅದಕ್ಕೆ ತಡೆಯೇ ಅಲ್ಲ, ರಾಜಮಾರ್ಗ. ಹಾಗಿದ್ದರೆ ಕೊಬ್ಬು ಕೋಟೆಯಾಗುವುದು ಹೇಗೆ?

ಉತ್ತರ ಅಡುಗೆಮನೆಯಲ್ಲಿದೆ. ಚಳಿಗಾಲದ ಬೆಳಿಗ್ಗೆ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ, ತುಪ್ಪ ಮಾತ್ರ ಗಟ್ಟಿಯಾಗಿರುತ್ತದೆ. ಎಣ್ಣೆಯ ಬಾಲಗಳಲ್ಲಿ ಸೊಟ್ಟಗಳಿವೆ. ಅವು ಒತ್ತಾಗಿ ನಿಲ್ಲಲಾರವು. ತುಪ್ಪದಲ್ಲಿ ನೆಟ್ಟಗಿರುವ ಬಾಲಗಳು ಹೆಚ್ಚು. ಅವು ಕಟ್ಟಿಗೆ ಹೊರೆಯಂತೆ ಒಂದಕ್ಕೊಂದು ಅಂಟಿಕೊಂಡು ಹೆಪ್ಪುಗಟ್ಟುತ್ತವೆ. ಬಾಲ ಉದ್ದವಾದಷ್ಟೂ, ನೆಟ್ಟಗಾದಷ್ಟೂ, ಪದರಗಳು ಹೆಚ್ಚಿದಷ್ಟೂ ಸಂದು ಕಡಿಮೆ. ಅನಿಲದ ಅಣು ನುಸುಳುವುದು ನಿಧಾನ. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳು ಕಂಡುಕೊಂಡ ಉಪಾಯ ಇದೇ. ಒಂದೊಂದೂ ತನ್ನದೇ ರೀತಿಯಲ್ಲಿ.

ಗದ್ದೆಯ ನೀರಿನಲ್ಲಿ ಒಂದು ಮಣಿಮಾಲೆ

ಭತ್ತದ ಗದ್ದೆಯ ನಿಂತ ನೀರಿನಲ್ಲಿ ನೀಲಿ-ಹಸಿರು ಪಾಚಿ ಕಾಣಸಿಗುತ್ತದೆ. ಹೆಸರು ಪಾಚಿಯಾದರೂ ಇದು ಬ್ಯಾಕ್ಟೀರಿಯಾವೇ. ಗೊಬ್ಬರ ಕಾಣದ ಗದ್ದೆಗಳಲ್ಲೂ ವರ್ಷವರ್ಷ ಬೆಳೆ ಬರುವುದಕ್ಕೆ ಇವು ಹಿಡಿಯುವ ಸಾರಜನಕ ಒಂದು ಮುಖ್ಯ ಕಾರಣ ಎಂದು 1939ರಲ್ಲಿ ಭಾರತೀಯ ವಿಜ್ಞಾನಿ ಪಿ.ಕೆ. ಡೇ ತೋರಿಸಿಕೊಟ್ಟರು. ಇವುಗಳಲ್ಲಿ ಅನಬೀನಾ ಎಂಬುದು ಪ್ರಸಿದ್ಧ. ದನಗಳ ಮೇವಿಗೂ ಗದ್ದೆಯ ಗೊಬ್ಬರಕ್ಕೂ ಬೆಳೆಸುವ ಅಜೋಲ್ಲಾದ ಎಲೆಯೊಳಗಿನ ಪುಟ್ಟ ಗೂಡಿನಲ್ಲಿ ವಾಸಿಸುವುದೂ ಇದರ ಬಳಗದ್ದೇ.

ಸೂಕ್ಷ್ಮದರ್ಶಕದಡಿ ಅನಬೀನಾ ಹಸಿರು ಮಣಿಗಳ ಮಾಲೆಯಂತೆ ಕಾಣುತ್ತದೆ. ಇದರ ಪಾಡು ಇನ್ನೂ ಕಷ್ಟ. ದ್ಯುತಿಸಂಶ್ಲೇಷಣೆ ನಡೆಸುವುದರಿಂದ ತಾನೇ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಹೊರಗಿನ ಶತ್ರುವಿನ ಜೊತೆಗೆ ಮನೆಯೊಳಗೂ ಶತ್ರು! ಅದಕ್ಕೆ ಮಾಡಿಕೊಂಡ ಏರ್ಪಾಡು ಹೀಗಿದೆ: ನೀರಿನಲ್ಲಿ ಸಾರಜನಕದ ಲವಣ ಮುಗಿದಾಗ, ಹತ್ತು-ಇಪ್ಪತ್ತು ಮಣಿಗಳಿಗೊಂದರಂತೆ ಕೆಲವು ಕೋಶಗಳು ಒಂದು ದಿನದೊಳಗೆ ರೂಪ ಬದಲಿಸುತ್ತವೆ. ಇವೇ ಹೆಟರೊಸಿಸ್ಟ್‌ಗಳು. ಆಮ್ಲಜನಕ ಹೊರಡಿಸುವ ಯಂತ್ರವನ್ನು ಇವು ನಿಲ್ಲಿಸುತ್ತವೆ. ಮೈಮೇಲೆ ಎರಡು ಹೊದಿಕೆ ಹೊದೆಯುತ್ತವೆ. ಹೊರಗಿನದು ಸಕ್ಕರೆಯ ಸರಪಳಿಗಳದು, ಒಳಗಿನದು ಗ್ಲೈಕೊಲಿಪಿಡ್ ಎಂಬ ವಿಶೇಷ ಕೊಬ್ಬಿನದು.

ಈ ಕೊಬ್ಬಿನ ಬಾಲದಲ್ಲಿ 26 ಅಥವಾ 28 ಇಂಗಾಲದ ಪರಮಾಣುಗಳು ಸಾಲಾಗಿ, ಸೊಟ್ಟವಿಲ್ಲದೆ ನಿಂತಿರುತ್ತವೆ. ಸಾಮಾನ್ಯ ಪೊರೆಯಲ್ಲಿ ಈ ಸಂಖ್ಯೆ 16 ಅಥವಾ 18ರ ಆಸುಪಾಸು. ಇಂಥ ಉದ್ದ ಬಾಲಗಳ ಪದರಗಳು ಒಂದರ ಮೇಲೊಂದು ಕುಳಿತು ಅನಿಲಗಳ ಓಟಕ್ಕೆ ಕಡಿವಾಣ ಹಾಕುತ್ತವೆ.

ಚುರುಕಾದ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಆಮ್ಲಜನಕಕ್ಕೆ ತಡೆಯಾದ ಗೋಡೆ ಸಾರಜನಕಕ್ಕೂ ತಡೆಯಲ್ಲವೇ? ಹೌದು, ಎರಡಕ್ಕೂ ತಡೆಯೇ. ಆದರೆ ಗೋಡೆ ಪೂರಾ ಮುಚ್ಚುವುದಿಲ್ಲ, ನಿಧಾನ ಮಾಡುತ್ತದೆ. ಒಳಗೆ ನುಸುಳಿದ ಅಷ್ಟಿಷ್ಟು ಆಮ್ಲಜನಕವನ್ನು ಕೋಶ ಉಸಿರಾಟದಲ್ಲಿ ಕೂಡಲೇ ಬಳಸಿಬಿಡುತ್ತದೆ. ಅದರಿಂದ ಎಟಿಪಿಯೂ ಸಿಗುತ್ತದೆ. ಗಾಳಿಯಲ್ಲಿ ಸಾರಜನಕ ಆಮ್ಲಜನಕದ ಸುಮಾರು ನಾಲ್ಕು ಪಟ್ಟು ಇರುವುದರಿಂದ ಕಿಣ್ವದ ನಿಧಾನ ಕೆಲಸಕ್ಕೆ ಬೇಕಾದಷ್ಟು ಸಾರಜನಕ ಹೇಗೂ ಒಳಬರುತ್ತದೆ. ಬಾಗಿಲು ಮುಚ್ಚುವುದಲ್ಲ, ಓರೆ ಮಾಡಿಡುವುದು ಇಲ್ಲಿನ ಜಾಣತನ.

ಈ ಕೊಬ್ಬಿನ ಪದರ ನಿಜಕ್ಕೂ ಅಷ್ಟು ಮುಖ್ಯವೇ? ಅದನ್ನು ಕಟ್ಟಲಾಗದ ಅನಬೀನಾ ತಳಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ. ಅವು ಗಾಳಿಯಲ್ಲಿ ಸಾರಜನಕ ಹಿಡಿಯಲಾರವು. ಆಮ್ಲಜನಕವನ್ನು ತೆಗೆದುಬಿಟ್ಟರೆ ಹಿಡಿಯುತ್ತವೆ. ಕಿಣ್ವ ಸರಿಯಾಗಿಯೇ ಇದೆ, ಗೋಡೆ ಮಾತ್ರ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ರುಜುವಾತು ಬೇಕಿಲ್ಲ.

ನಾಗಾಲ್ಯಾಂಡಿನ ಆಲ್ಡರ್, ಕರಾವಳಿಯ ಗಾಳಿಮರ

ದ್ವಿದಳ ಧಾನ್ಯದ ಜಾತಿಗೆ ಸೇರದ ಕೆಲವು ಮರಗಳ ಬೇರಿನಲ್ಲೂ ಗಂಟುಗಳಿವೆ. ನಾಗಾಲ್ಯಾಂಡಿನ ಖೊನೊಮಾ ಗ್ರಾಮದ ಅಂಗಾಮಿ ರೈತರು ತಲೆತಲಾಂತರದಿಂದ ಹೊಲಗಳಲ್ಲಿ ಆಲ್ಡರ್ ಮರ ಉಳಿಸಿಕೊಂಡು, ಅದರ ಕೊಂಬೆ ಕಡಿದು ಮಣ್ಣಿಗೆ ಸೇರಿಸಿ ಬೆಳೆ ತೆಗೆಯುತ್ತಾ ಬಂದಿದ್ದಾರೆ. ಸಿಕ್ಕಿಮಿನಲ್ಲಿ ದೊಡ್ಡ ಏಲಕ್ಕಿ ಬೆಳೆಯುವುದೂ ಈ ಮರದ ನೆರಳಿನಲ್ಲಿ. ಆಲ್ಡರ್ ಬೇರಿನ ಗಂಟಿನಲ್ಲಿರುವುದು ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ.

ದಾರದಂತೆ ಬೆಳೆಯುವ ಫ್ರಾಂಕಿಯಾ ತನ್ನ ಎಳೆಗಳ ತುದಿಯಲ್ಲಿ ಪುಟ್ಟ ಗುಳ್ಳೆಗಳನ್ನು ಊದಿಕೊಳ್ಳುತ್ತದೆ. ನೈಟ್ರೋಜಿನೇಸ್ ಇರುವುದು ಆ ಗುಳ್ಳೆಯೊಳಗೆ. ಗುಳ್ಳೆಯ ಸುತ್ತ ಈರುಳ್ಳಿಯ ಸಿಪ್ಪೆಯಂತೆ ಪದರದ ಮೇಲೆ ಪದರ ಕೊಬ್ಬು. ಹೊರಗೆ ಆಮ್ಲಜನಕ ಹೆಚ್ಚಿಸಿದರೆ ಪದರಗಳು ಹೆಚ್ಚುತ್ತವೆ, ಕಡಿಮೆ ಮಾಡಿದರೆ ತೆಳುವಾಗುತ್ತವೆ. ಚಳಿ ನೋಡಿಕೊಂಡು ಕಂಬಳಿ ಹೊದೆಯುವವರ ಹಾಗೆ! ಆ ಪದರಗಳಲ್ಲಿರುವುದು ಹೋಪನಾಯ್ಡ್ ಎಂಬ ಕೊಬ್ಬು ಎಂದು 1993ರಲ್ಲಿ ಅಲಿಸನ್ ಬೆರ್ರಿ ಮತ್ತು ಸಂಗಡಿಗರು ಪ್ರಕಟಿಸಿದರು.

ಹೋಪನಾಯ್ಡ್ ನಮಗೆ ಅಪರಿಚಿತವೇನಲ್ಲ. ವೈದ್ಯರು ರಕ್ತಪರೀಕ್ಷೆಯಲ್ಲಿ ನೋಡುವ ಕೊಲೆಸ್ಟರಾಲ್‌ನ ದಾಯಾದಿ ಅದು. ಕೊಲೆಸ್ಟರಾಲ್ ನಾಲ್ಕು ಉಂಗುರಗಳ ಅಣು, ಹೋಪನಾಯ್ಡ್ ಐದು ಉಂಗುರಗಳದು. ಎರಡೂ ಪೊರೆಯನ್ನು ಬಿಗಿಗೊಳಿಸುತ್ತವೆ. ಆದರೆ ಕೊಲೆಸ್ಟರಾಲ್ ತಯಾರಿಸಲು ಆಮ್ಲಜನಕ ಬೇಕು, ಹೋಪನಾಯ್ಡ್‌ನ ಉಂಗುರಗಳನ್ನು ಕಟ್ಟಲು ಬೇಡ. ಇದರ ಹೆಸರು ಬಂದದ್ದು ಹೋಪಿಯಾ ಕುಲದ ಮರಗಳಿಂದ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಈ ಕುಲದ ಮರಗಳಿವೆ.

ನಮ್ಮ ಕರಾವಳಿಯ ಮರಳಿನಲ್ಲಿ ನೆಟ್ಟ ಗಾಳಿಮರದ ಬೇರಿನಲ್ಲೂ ಫ್ರಾಂಕಿಯಾ ಇದೆ. ಸೋಜಿಗವೆಂದರೆ ಗಾಳಿಮರದ ಗಂಟಿನೊಳಗೆ ಅದು ಗುಳ್ಳೆ ಕಟ್ಟುವುದಿಲ್ಲ. ಅಲ್ಲಿ ಮರವೇ ತನ್ನ ಕೋಶಗಳ ಗೋಡೆಯನ್ನು ಗಟ್ಟಿ ಮಾಡಿ, ಆಮ್ಲಜನಕ ಹಿಡಿದುಕೊಳ್ಳುವ ಹಿಮೋಗ್ಲೋಬಿನನ್ನೂ ಒದಗಿಸಿ ಕಾವಲು ಕಾಯುತ್ತದೆ. ಮನೆಯ ಯಜಮಾನ ಗೋಡೆ ಕಟ್ಟಿಕೊಟ್ಟ ಮೇಲೆ ಬಾಡಿಗೆದಾರ ಯಾಕೆ ಕಟ್ಟಬೇಕು?

ಬೇರುಗಂಟಿನ ಒಳಮನೆ

ತೊಗರಿ, ಅಲಸಂದೆ, ಶೇಂಗಾ, ಸೋಯಾ ಅವರೆಗಳ ಗಂಟಿನಲ್ಲೂ ಕಾವಲಿನ ದೊಡ್ಡ ಪಾಲು ಗಿಡದ್ದೇ. ಗಂಟಿನ ಹೊರಪದರ ಗಾಳಿಯ ಹರಿವನ್ನು ತಗ್ಗಿಸುತ್ತದೆ. ಒಳಗೆ ಕೆಂಪಾದ ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದು, ಅಳತೆಮಾಡಿ ಬ್ಯಾಕ್ಟೀರಿಯಾಕ್ಕೆ ಹಂಚುತ್ತದೆ. ಹಾಗಾದರೆ ರೈಜೋಬಿಯಂನ ಪೊರೆಗೆ ಕೆಲಸವೇನು? ಗಿಡದೊಂದಿಗೆ ಬಾಳುವ ಕೆಲಸ. ಗಿಡದ ಕೋಶದೊಳಗೆ ಬದುಕಬೇಕು, ಗಿಡ ಕೊಟ್ಟ ಆಹಾರ ಒಳಗೆ ಬರಬೇಕು, ತಾನು ಮಾಡಿದ ಅಮೋನಿಯಾ ಹೊರಗೆ ಹೋಗಬೇಕು. ಇಷ್ಟೂ ಕೊಡು-ಕೊಳ್ಳು ನಡೆಯುವುದು ಪೊರೆಯ ಮೂಲಕ.

ಚಾಕೊಲೇಟಿನ ಹೊದಿಕೆಯ ಮೇಲೆ ಲೆಸಿಥಿನ್ ಎಂಬ ಹೆಸರನ್ನು ಮಕ್ಕಳು ಓದಿರಬಹುದು. ಇದರ ಮುಖ್ಯ ಭಾಗ ಫಾಸ್ಫಟಿಡೈಲ್‌ಕೋಲಿನ್. ಪ್ರಾಣಿಗಳ ಮತ್ತು ಸಸ್ಯಗಳ ಪೊರೆಯಲ್ಲಿ ಇದು ಧಾರಾಳ. ಈ. ಕೋಲೈ ಮುಂತಾದ ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲಿ ಇಲ್ಲ. ರೈಜೋಬಿಯಂ ಬಳಗದಲ್ಲಿ ಮಾತ್ರ ಹೇರಳವಾಗಿದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೋಯಾದ ಬ್ಯಾಕ್ಟೀರಿಯಾದಲ್ಲಿ ಈ ಕೊಬ್ಬು ಕಡಿಮೆಯಾಗುವಂತೆ ಒಂದು ಜೀನನ್ನು ಕೆಡಿಸಿದರು. ಗಂಟುಗಳೇನೋ ಮೂಡಿದವು. ಆದರೆ ಕತ್ತರಿಸಿ ನೋಡಿದರೆ ಒಳಗೆ ಕೆಂಪಿಲ್ಲ, ಮಾಸಲು ಬಣ್ಣ. ಸಾರಜನಕ ಹಿಡಿಯುವ ಬಲ ಮಾಮೂಲಿನ ಐದನೆಯ ಒಂದು ಪಾಲಿಗಿಂತ ಕೆಳಗಿಳಿದಿತ್ತು.

ಹೋಪನಾಯ್ಡ್ ಇಲ್ಲಿಯೂ ಇದೆ. ಬೆಂಡಿನ ಹೂವು ಮಾಡುವ ಗಿಡದ ಬಳಗ ಕೆರೆಯಂಚಿನಲ್ಲಿ ಬೆಳೆಯುತ್ತದೆ. ಇವುಗಳಲ್ಲಿ ಕೆಲವಕ್ಕೆ ಬೇರಿನಲ್ಲಷ್ಟೇ ಅಲ್ಲ, ಕಾಂಡದಲ್ಲೂ ಗಂಟು! ಆ ಗಂಟಿನ ಬ್ರಾಡಿರೈಜೋಬಿಯಂ ತನ್ನ ಹೊರಪೊರೆಯ ಕೊಬ್ಬಿಗೆ ಹೋಪನಾಯ್ಡನ್ನು ಬೆಸುಗೆ ಹಾಕಿಕೊಂಡಿರುತ್ತದೆ ಎಂದು 2014ರಲ್ಲಿ ತಿಳಿದುಬಂತು. ಹೋಪನಾಯ್ಡ್ ಇಲ್ಲದ ತಳಿಗಳ ಪೊರೆ ಸಡಿಲ. ಗಿಡದೊಳಗೆ ಅವುಗಳ ಬಾಳ್ವೆ ಸೊರಗುತ್ತದೆ.

ಗಿಡವೂ ಸುಮ್ಮನೆ ಕೂರುವುದಿಲ್ಲ. ಗಂಟಿನೊಳಗಿನ ಬ್ಯಾಕ್ಟೀರಿಯಾಗಳ ಸುತ್ತ ತನ್ನದೇ ಒಂದು ಪೊರೆ ಹೊದಿಸುತ್ತದೆ. ಸಾವಿರಾರು ಬ್ಯಾಕ್ಟೀರಿಯಾಗಳಿಗೆ ಪೊರೆ ಹೊದಿಸಲು ರಂಜಕವಿರುವ ಕೊಬ್ಬು ಬಹಳ ಬೇಕು. ಮಣ್ಣಿನಲ್ಲಿ ರಂಜಕಕ್ಕೆ ಎಂದೂ ಬರ. ಅದಕ್ಕೇ ಸೋಯಾ ಗಿಡ ಈ ಪೊರೆಯ ಒಂದು ಪಾಲಿನಲ್ಲಿ ರಂಜಕದ ಬದಲು ಸಕ್ಕರೆಯ ತಲೆಯಿರುವ ಕೊಬ್ಬನ್ನು ಬಳಸುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಕಾಸಿಗೆ ಕಾಸು ಕೂಡಿಡುವ ಗೃಹಿಣಿಯ ಲೆಕ್ಕಾಚಾರ ಇದು.

ಹೊಲಕ್ಕೆ ಬಂದರೆ

ಇಷ್ಟೆಲ್ಲ ತಿಳಿದು ಪ್ರಯೋಜನವೇನು ಎಂದು ಪೋಷಕರು ಕೇಳಬಹುದು. ಮೊದಲನೆಯದು ಬಿತ್ತನೆಯ ವಿಷಯ. ರೈಜೋಬಿಯಂ ಪುಡಿಯನ್ನು ಬೆಲ್ಲದ ಪಾಕದೊಂದಿಗೆ ಬೀಜಕ್ಕೆ ಲೇಪಿಸಿ ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಿ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ನೆರಳೇ ಯಾಕೆ? ನೀರು ಆರಿದಂತೆಲ್ಲ ಪೊರೆಯ ಲಿಪಿಡ್‌ಗಳು ಒತ್ತೊತ್ತಾಗಿ ಹೆಪ್ಪುಗಟ್ಟುತ್ತವೆ. ಮತ್ತೆ ನೀರು ತಗುಲಿದಾಗ ಪೊರೆ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ಬಿಸಿಲಿನಲ್ಲಿ ಈ ಅಪಾಯ ಹೆಚ್ಚು. ಬಿಸಿಲಿಗೆ ಒಣಹಾಕಿದ ಬೀಜದ ಮೇಲೆ ಉಳಿಯುವುದು ಪುಡಿ ಮಾತ್ರ, ಜೀವವಲ್ಲ. ಪೊಟ್ಟಣದ ಮೇಲಿನ ಅವಧಿಯ ದಿನಾಂಕ ನೋಡಬೇಕಾದದ್ದೂ ಇದಕ್ಕೇ.

ಎರಡನೆಯದು ನಾಳಿನ ವಿಷಯ. ರಾಗಿ, ಭತ್ತ, ಗೋಧಿಗಳೂ ತಮ್ಮ ಸಾರಜನಕವನ್ನು ತಾವೇ ಹಿಡಿಯುವಂತಾದರೆ ಯೂರಿಯಾದ ಖರ್ಚೂ ಅದು ಕೆರೆಬಾವಿಗಳಿಗೆ ಮಾಡುವ ಹಾನಿಯೂ ತಗ್ಗುತ್ತವೆ. ಜೀನ್ ದಾಟಿಸಿದರೆ ಸಾಕು ಎಂದು 1972ರ ನಂತರ ಬಹಳ ಮಂದಿ ಆಶಿಸಿದ್ದರು. ಅರ್ಧ ಶತಮಾನ ಕಳೆದರೂ ಅಂಥ ಬೆಳೆ ರೈತನ ಕೈಗೆ ಬಂದಿಲ್ಲ. ಕಿಣ್ವದೊಂದಿಗೆ ಅದರ ಮನೆಯನ್ನೂ ಕಟ್ಟಿಕೊಡಬೇಕು ಎಂಬುದು ಈ ಶ್ರಮ ಕಲಿಸಿದ ಪಾಠ.

ಅದು ಆಗದ ಮಾತೇನಲ್ಲ. ಒಂದು ಬಗೆಯ ಕಡಲ ಪಾಚಿಯ ಕೋಶದೊಳಗೆ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ನೆಲೆಸಿ, ಈಗ ಆ ಕೋಶದ ಅಂಗವೇ ಆಗಿಬಿಟ್ಟಿದೆ ಎಂದು 2024ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದಕ್ಕೆ ನೈಟ್ರೋಪ್ಲಾಸ್ಟ್ ಎಂದು ಹೆಸರಿಟ್ಟಿದ್ದಾರೆ. ಪ್ರಕೃತಿ ಒಮ್ಮೆ ಕಟ್ಟಿದ ಮನೆಯ ನಕ್ಷೆಯನ್ನು ಓದುವ ಕೆಲಸ ಮುಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಉಳಿದಿದೆ.

ನೀವೇ ಮಾಡಿ ನೋಡಿ

ಅಲಸಂದೆ, ಹೆಸರು ಅಥವಾ ಶೇಂಗಾ ಗಿಡ ಹೂ ಬಿಡುವ ಹೊತ್ತಿಗೆ, ಬೇರು ಹರಿಯದಂತೆ ಮಣ್ಣಿನ ಹೆಂಟೆಯ ಸಮೇತ ಅಗೆದು ತೆಗೆಯಿರಿ. ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬೇರಿನ ಮಗ್ಗುಲಿಗೆ ಅಂಟಿಕೊಂಡು, ಬೆರಳಿನಿಂದ ಉಜ್ಜಿದರೆ ಕಳಚಿಬರುವುದು ರೈಜೋಬಿಯಂ ಗಂಟು. ಬೇರೇ ಊದಿಕೊಂಡು, ಕಳಚದಿದ್ದರೆ ಅದು ಜಂತುಹುಳುವಿನ ಕಾಟ. ಗಂಟನ್ನು ಹಿರಿಯರ ನೆರವಿನಿಂದ ಬ್ಲೇಡಿನಲ್ಲಿ ಸೀಳಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಕಾರ್ಖಾನೆ ನಡೆಯುತ್ತಿದೆ. ಬೆಳ್ಳಗಿದ್ದರೆ ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ್ದು. ಹಸಿರು ಇಲ್ಲವೆ ಕಂದಾಗಿದ್ದರೆ ಮುಗಿದ ಕಥೆ. ಹತ್ತು ಗಿಡ ತೆಗೆದು, ಒಂದೊಂದರಲ್ಲಿ ಕೆಂಪು ಗಂಟು ಎಷ್ಟೆಂದು ಎಣಿಸಿ ಬರೆದಿಡಿ. ಗಂಟು ಚೆನ್ನಾಗಿ ಕೆಂಪಾಗಿರುವ ಹೊಲಕ್ಕೆ ಮತ್ತೆ ಯೂರಿಯಾ ಬೇಕೇ ಎಂಬ ಪ್ರಶ್ನೆಯನ್ನು ಆ ಪಟ್ಟಿ ಹಿಡಿದುಕೊಂಡೇ ಮನೆಯ ಹಿರಿಯರೊಂದಿಗೆ ಚರ್ಚಿಸಬಹುದು.